ಒಂದು ಉದ್ದ, ಒಂದು ಗಿಡ್ಡ

“ಅವಳಿಗಳಲ್ಲಿ ಒಂದು ಮಾತ್ರ ಯಾಕಪ್ಪಾ ಹೀಗೆ ಸೊರಗಿತು?”

ಕೇಳಿಸಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಗಾಳಿ ಹೀರುವ ಪಂಪುಗಳು ಒಂದೇ ಶ್ರುತಿ ಹಿಡಿದು ಗುಂಯ್‌ಗುಡುತ್ತಿದ್ದವು. ಅಳತೆಗಾರ ಪರದೆಗೆ ಮೂಗು ತಾಗಿಸಿಕೊಂಡು ಕುಳಿತಿದ್ದ. ಹೈಡ್ರೋಜನ್ ಬ್ರೋಮೈಡಿನ ಪುಟ್ಟ ಅಣುವಿಗೆ ಎಕ್ಸ್‌ರೇ ಬಡಿದಾಗ ಸಿಡಿದು ಬರುವ ಎಲೆಕ್ಟ್ರಾನುಗಳ ಶಕ್ತಿಯನ್ನು ಅಳೆಯುವುದು ಅವನ ಕಸುಬು. ಎಲೆಕ್ಟ್ರಾನು ತನ್ನಲ್ಲೇ ಗಿರಕಿ ಹೊಡೆಯುತ್ತದೆ, ಪರಮಾಣುವಿನ ನಡುವಿನ ಬೀಜಕ್ಕೆ ಪ್ರದಕ್ಷಿಣೆಯನ್ನೂ ಹಾಕುತ್ತದೆ. ಗಿರಕಿ, ಪ್ರದಕ್ಷಿಣೆ ಒಂದಕ್ಕೊಂದು ಒಲಿದರೆ ಒಂದು ಶಕ್ತಿ, ಮುನಿದರೆ ಇನ್ನೊಂದು. ಆದ್ದರಿಂದಲೇ ನಕ್ಷೆಯಲ್ಲಿ ಒಂದು ಶಿಖರದ ಜಾಗದಲ್ಲಿ ಅವಳಿ ಶಿಖರ.

ಆ ಶಿಖರಗಳು ಹೇಗೆ ಬರಬೇಕೆಂದು ಮೊದಲೇ ಲೆಕ್ಕ ಹಾಕುವವಳು ಅವನ ಒಡಹುಟ್ಟಿದ ಅಕ್ಕ. ಎಕ್ಸ್‌ರೇ ಬೆಳಕನ್ನು ಅಣುವಿನ ಶ್ರುತಿಗೆ ಸರಿಯಾಗಿ ಕೂಡಿಸಿದರೆ, ಒಳಗಿನ ಎಲೆಕ್ಟ್ರಾನೊಂದು ಮೊದಲು ಮೇಲಕ್ಕೆ ಜಿಗಿಯುತ್ತದೆ. ಅದು ಮರಳುವ ರಭಸಕ್ಕೆ ಹೊರಗಿನದೊಂದು ಆಚೆ ಬೀಳುತ್ತದೆ. ನಡುವಿನ ಆ ಜಿಗಿತದಲ್ಲಿ ಗಿರಕಿಗೂ ಪ್ರದಕ್ಷಿಣೆಗೂ ಇರುವ ನಂಟನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ, ಅವಳಿಗಳು ಸರಿಸಮವಾಗಿಯೇ ನಿಲ್ಲುತ್ತವೆ ಎಂಬುದು ಅವಳ ಲೆಕ್ಕ. ಇವತ್ತು ಮಧ್ಯಾಹ್ನ ತುಂಬಿದ ಸಭೆಯಲ್ಲಿ ಅದನ್ನೇ ಹೇಳುವವಳಿದ್ದಳು.

ಅಕ್ಕ ಚಹಾದ ಲೋಟ ಹಿಡಿದು ಒಳಬಂದವಳೇ ಪರದೆ ನೋಡಿದಳು.

“ಏನೋ ಇದು, ಒಂದು ಉದ್ದ, ಒಂದು ಗಿಡ್ಡ? ಗ್ಯಾಸ್ ಬರೋ ಪೈಪ್ ತೊಳೆದಿದ್ಯಾ, ಇಲ್ಲ ಚಿಕ್ಕಂದಿನಲ್ಲಿ ಹಲ್ಲುಜ್ಜಿದ ಹಾಗೇನಾ?”

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ.”

“ಬಾಯಿಗೇನೂ ಕಮ್ಮಿ ಇಲ್ಲ. ಬೆಳಕನ್ನ ಶ್ರುತಿಯಿಂದ ಸ್ವಲ್ಪ ಸರಿಸು. ಕೊಳೆ ಇದ್ರೆ ಅಲ್ಲೂ ಗಿಡ್ಡವೇ ಬರುತ್ತೆ.”

ದೇವರೇ, ಕೊಳೆಯೇ ಇರಲಿ ಎಂದು ಅವನು ಒಳಗೊಳಗೇ ಬೇಡಿಕೊಂಡ. ತನ್ನ ಮರ್ಯಾದೆ ಹೋದರೂ ಚಿಂತೆಯಿಲ್ಲ, ಅಕ್ಕನ ಲೆಕ್ಕ ಉಳಿಯಲಿ. ಬೆಳಕು ಸರಿಯಿತು. ಎಣಿಕೆ ಏರಿತು. ಅವಳಿಗಳು ಭುಜಕ್ಕೆ ಭುಜ ಕೊಟ್ಟು ನಿಂತವು. ಮತ್ತೆ ಶ್ರುತಿಗೆ ತಂದ. ಒಂದು ಮತ್ತೆ ಕುಗ್ಗಿತು. ಅನಿಲ ಅದೇ, ಪೈಪು ಅದೇ. ಕೊಳೆಯ ಮಾತು ಅಲ್ಲಿಗೆ ಮುಗಿಯಿತು.

ಅಕ್ಕ ಕುರ್ಚಿಯಲ್ಲಿ ಕುಳಿತಳು. ಅಳುತ್ತಾಳೇನೋ ಎಂದು ಅವನು ಓರೆಗಣ್ಣಲ್ಲಿ ನೋಡಿದರೆ, ಅವಳು ಚಹಾ ಚೆಲ್ಲುವಂತೆ ನಗುತ್ತಿದ್ದಳು.

“ನೋಡೋ, ನಡುವಿನ ಜಿಗಿತದಲ್ಲೂ ಆ ನಂಟು ಇದೆ. ಇಷ್ಟು ಪುಟ್ಟ ಅಣು, ಎಷ್ಟು ಜಂಭ. ನಾನು ಅದನ್ನ ಲೆಕ್ಕಕ್ಕೇ ಹಿಡೀಲಿಲ್ಲ, ಅದಕ್ಕೆ ಕೋಪ.”

“ಅಕ್ಕಾ, ಸಭೆ ಇರೋದು ಇವತ್ತು. ಅಷ್ಟು ಜನರ ಮುಂದೆ ನಿನ್ನ ಲೆಕ್ಕ ನೀನೇ ತಪ್ಪು ಅಂತೀಯಾ? ಈ ಚಿತ್ರ ನನ್ನ ಹತ್ರಾನೇ ಇರಲಿ. ಮುಂದಿನ ಸಲ ತೋರಿಸೋಣ. ನಂಗೋಸ್ಕರ, ಇದೊಂದು ಸಲ.”

ಅಕ್ಕ ಆಗಲೇ ಅವನ ಕೈಯಿಂದ ಮೌಸ್ ಕಿತ್ತುಕೊಂಡು, ಆ ಚಿತ್ರವನ್ನು ತನ್ನ ಭಾಷಣದ ಮೊದಲ ಪುಟಕ್ಕೆ ಎಳೆದು ಹಾಕುತ್ತಿದ್ದಳು.

“ಆಗಲ್ಲ,” ಎಂದಳು. “ನೀನು ಕಾಲು ಹಿಡಿದ್ರೂ ಆಗಲ್ಲ.”