ಆಮೇಲೆ ನೆನಪಿಸು

ಬೀಗ ರಿಪೇರಿ ಅಂಗಡಿಯವನಿಗೆ ಒಂದು ಚಾಳಿಯಿತ್ತು. ಮನೆಯಲ್ಲಿ ಕಳ್ಳತನವಾಯಿತೆಂದು ಯಾರಾದರೂ ಮುಖ ಒಣಗಿಸಿಕೊಂಡು ಬಂದರೆ ಅವನು ಸಮಾಧಾನ ಹೇಳುತ್ತಿರಲಿಲ್ಲ. ಒಡೆದ ಬೀಗವನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಕಳ್ಳನ ವಿಚಾರ ಆಮೇಲೆ. ಮೊದಲು ಇದನ್ನ ಹೇಳಿ, ಇಂಥಾ ಮುದಿ ಬೀಗ ಹಾಕಿದ್ದು ಯಾರು?" ಎಂದು ಕೇಳುತ್ತಿದ್ದ. ಬಂದವರು ತಲೆ ತಗ್ಗಿಸುತ್ತಿದ್ದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ದಿನಕ್ಕೊಬ್ಬರಿಗಾದರೂ ಹೇಳದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಅಂಥವನ ಮನೆಯ ನಡುಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ, ಒಂದು ಕಂಪ್ಯೂಟರ್ ಇತ್ತು. ಸಂಜೆ ಅಂಗಡಿಯಿಂದ ಬಂದವನು ಅದರಲ್ಲಿ ಚದುರಂಗ ಆಡುತ್ತಿದ್ದ. ಹಗಲೆಲ್ಲ ಅದು ಅತ್ತಿಗೆಯದು.

ಅತ್ತಿಗೆ ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಅಣ್ಣ ತೀರಿಕೊಂಡ ಮೇಲೂ ಅವರು ಇಲ್ಲೇ ಉಳಿದರು. ಮೀಸೆ ನರೆತ ಮೈದುನನನ್ನು ಈಗಲೂ 'ಪುಟ್ಟಾ' ಎಂದೇ ಕರೆಯುತ್ತಿದ್ದರು. ಐವತ್ತು ದಾಟಿದ ಮೇಲೆ ಹಟ ಹಿಡಿದು ಕಂಪ್ಯೂಟರ್ ಕಲಿತು, ತೆರೆಯ ಮುಂದೆ ಕುಳಿತು ಹತ್ತಾರು ಮನೆಗಳ ಹೆಂಗಸರಿಗೆ ಉಲ್ಲನ್ ಹೆಣಿಗೆ ಹೇಳಿಕೊಡುತ್ತಿದ್ದರು. ಪಾಠದ ಹೊತ್ತಿನಲ್ಲಿ ಆ ಕೋಣೆ ತವರಿನ ಪಡಸಾಲೆಯಂತೆ ಗಲಗಲ ಎನ್ನುತ್ತಿತ್ತು. ಗಂಡ ಹೋದ ಮೇಲೆ ಅತ್ತಿಗೆ ಬಾಯಿ ತುಂಬ ನಕ್ಕದ್ದನ್ನು ಮನೆಯವರು ಕಂಡದ್ದು ಆ ಹೊತ್ತಿನಲ್ಲೇ.

ಅವರಿಗಾಗಿಯೇ ಕಂಪ್ಯೂಟರಿನ ಅಕ್ಷರಗಳನ್ನೆಲ್ಲ ಕನ್ನಡಕ್ಕೆ ಬದಲಾಯಿಸಿದ್ದರು. ಹಾಗಾಗಿ ಆಗಾಗ ತೆರೆಯ ಮೂಲೆಯಲ್ಲಿ ಏಳುತ್ತಿದ್ದ ಪುಟ್ಟ ಚೌಕವೂ ಕನ್ನಡದಲ್ಲೇ ಮಾತಾಡುತ್ತಿತ್ತು. ಇಂಥ ಭಾಗ ಹಳೆಯದಾಗಿದೆ, ಹೊಸದನ್ನು ಹಾಕಲೇ ಎಂದು ಕೇಳುತ್ತಿತ್ತು. ಕೆಳಗೆ ಎರಡು ಗುಂಡಿಗಳು: 'ಈಗಲೇ ಮಾಡು', 'ಆಮೇಲೆ ನೆನಪಿಸು'.

ಅತ್ತಿಗೆ ಕೇಳದೆ ಏನನ್ನೂ ಒತ್ತುವವರಲ್ಲ. "ಪುಟ್ಟಾ, ಇದು ಮತ್ತೆ ಏನೋ ಕೇಳ್ತಿದೆ ನೋಡೋ" ಎಂದು ಕೂಗುತ್ತಿದ್ದರು.

ಅವನು ಕಾಫಿ ಲೋಟದಿಂದ ತಲೆ ಎತ್ತದೆ, "ಆಮೇಲೆ ಅನ್ನೋದನ್ನ ಒತ್ತಿ ಅತ್ತಿಗೆ" ಎನ್ನುತ್ತಿದ್ದ.

"ದಿನಾ ಆಮೇಲೆ ಅಂದ್ರೆ ಪಾಪ, ಅದಕ್ಕೂ ಬೇಜಾರಾಗಲ್ವೇನೋ?"

"ಅದೇನು ನೆಂಟರಾ ಬೇಜಾರಾಗೋಕೆ? ಒತ್ತಿ."

ಅವರು ಒತ್ತುತ್ತಿದ್ದರು. ಕೊನೆಗೊಂದು ಸಂಜೆ, ಚದುರಂಗದಲ್ಲಿ ಅವನ ಆನೆ ಸಾಯುವ ಹೊತ್ತಿಗೆ ಸರಿಯಾಗಿ ಆ ಚೌಕ ಎದ್ದು ಅಡ್ಡ ನಿಂತಿತು. ಸಿಟ್ಟಿಗೆದ್ದವನು ಎಲ್ಲೆಲ್ಲೋ ತಡಕಿ, 'ಇನ್ನು ಮುಂದೆ ನೆನಪಿಸಬೇಡ' ಎಂಬ ಜಾಗ ಹುಡುಕಿ ಗುರುತು ಹಾಕಿದ. ಅಂದಿನಿಂದ ಕಂಪ್ಯೂಟರ್ ಬಾಯಿ ಮುಚ್ಚಿಕೊಂಡಿತು. ಮನೆಯವರೆಲ್ಲ ಅದನ್ನು ಮರೆತರು, ಅವನೂ ಮರೆತ.

ವರ್ಷಗಳೇ ಕಳೆದವು. ಒಂದು ಬೆಳಗ್ಗೆ ಅತ್ತಿಗೆ ಹೆಣಿಗೆಯ ಹೊಸ ನಮೂನೆಗಾಗಿ ಯಾವುದೋ ಪುಟ ತೆರೆದರು. ಅವರ ವಿದ್ಯಾರ್ಥಿನಿಯರೂ ಅದೇ ಪುಟ ನೋಡಿದ್ದರು, ಯಾರಿಗೂ ಏನೂ ಆಗಿರಲಿಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಅತ್ತಿಗೆಯ ಹೆಸರಿನಲ್ಲಿ, ಅತ್ತಿಗೆ ಕಳಿಸದ ಸಂದೇಶವೊಂದು ಅವರಿಗೆಲ್ಲ ಹೋಯಿತು: 'ಹೊಸ ಡಿಸೈನ್ ಕಳಿಸಿದ್ದೇನೆ, ತೆಗೆದು ನೋಡಿ.' ಟೀಚರಮ್ಮ ಕಳಿಸಿದ್ದೆಂದು ತೆರೆದವರ ಕಂಪ್ಯೂಟರ್‌ಗಳು ಕೆಟ್ಟು ಕೂತವು. ಔಷಧಿ ಅಂಗಡಿ ನಡೆಸುವ ಹೆಂಗಸಿನದಂತೂ ಪೂರ್ತಿ ಅಳಿಸಿಹೋಯಿತು.

ಫೋನಿನ ಮೇಲೆ ಫೋನು ಬಂತು. ಎತ್ತಿದ್ದು ಅವನೇ. ಎದುರಿನವರು ದನಿ ಎತ್ತಿದೊಡನೆ ಅವನ ನಾಲಗೆ ತಾನಾಗಿ ಹೊರಳಿತು. "ಬೇಜಾರು ಮಾಡ್ಕೋಬೇಡಿ. ನಮ್ಮ ಅತ್ತಿಗೆಗೆ ಇದೆಲ್ಲ ಅಷ್ಟಾಗಿ ತಿಳಿಯಲ್ಲ. ಏನೋ ಒತ್ತಬಾರದ್ದನ್ನ ಒತ್ತಿಬಿಟ್ಟಿದ್ದಾರೆ. ವಯಸ್ಸಾಯ್ತಲ್ಲ." ಒಬ್ಬರಿಗೆ ಹೇಳಿದ್ದನ್ನೇ ಉಳಿದವರಿಗೂ ಹೇಳಿದ. ಹೇಳುತ್ತ ಹೇಳುತ್ತ ಅವನಿಗೂ ಅದು ನಿಜವೆನಿಸಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಒದ್ದೆ ಕೈಯಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

ರಿಪೇರಿಯವನು ಬಂದು ಶುಚಿ ಮಾಡಿಕೊಟ್ಟು ಹೋದ. ಹೋಗುವಾಗ, "ಒಳಗಿನ ಒಂದೊಂದು ಭಾಗವೂ ಹೊಸದಿದೆಯಾ ಅಂತ ಒಮ್ಮೆ ನೋಡ್ಕೊಳ್ಳಿ" ಎಂದಿದ್ದ. ಭಾನುವಾರ ಮಧ್ಯಾಹ್ನ ಮನೆಯವರು ಮಲಗಿದ್ದಾಗ ಅವನು ನೋಡಲು ಕುಳಿತ. ತಪಾಸಣೆಯ ಪುಟ ಒಂದೊಂದೇ ಭಾಗವನ್ನು ಹುಡುಕಿ ಗುರುತು ಹಾಕತೊಡಗಿತು. ಪುಟಗಳನ್ನು ತೆರೆಯುವ ಭಾಗ ಹಳೆಯದು. ಕಾಗದಪತ್ರ ಓದುವುದೂ ಹಳೆಯದು. ವಿಡಿಯೋ ತೋರಿಸುವ ಭಾಗದ ಎದುರು ಕೆಂಪಕ್ಷರದಲ್ಲಿ ಬರೆದಿತ್ತು: ಇದು ಬಹಳ ಹಳೆಯದು, ಇದರಲ್ಲಿರುವ ತೂತು ಎಲ್ಲರಿಗೂ ಗೊತ್ತಿರುವಂಥದ್ದು, ನೀವು ಏನನ್ನೂ ಒತ್ತದಿದ್ದರೂ ಪುಟ ತೆರೆದ ಮಾತ್ರಕ್ಕೆ ಕೆಟ್ಟದ್ದು ಒಳಗೆ ಬರಬಹುದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು. 'ನೆನಪಿಸುವುದನ್ನು ನೀವು ನಿಲ್ಲಿಸಿದ್ದೀರಿ.'

ಅವನಿಗೆ ಕಿವಿ ಬಿಸಿಯಾಯಿತು. ಸಾಯುತ್ತಿದ್ದ ಆ ಚದುರಂಗದ ಆನೆ ನೆನಪಾಯಿತು. 'ಇಂಥಾ ಮುದಿ ಬೀಗ ಹಾಕಿದ್ದು ಯಾರು?' ಎಂಬ ತನ್ನದೇ ದನಿ ತನ್ನದೇ ನಡುಮನೆಯಲ್ಲಿ ಕೇಳಿಸಿದಂತಾಗಿ, ಯಾರಾದರೂ ನೋಡಿದರೇ ಎಂದು ಹಿಂದೆ ತಿರುಗಿದ. ಕುಂಬಳಕಾಯಿ ಕಳ್ಳನೂ ಅಷ್ಟು ಗಾಬರಿಯಿಂದ ಹೆಗಲು ಮುಟ್ಟಿಕೊಂಡಿರಲಿಕ್ಕಿಲ್ಲ.

ಯಾರೂ ಇರಲಿಲ್ಲ. ಸದ್ದಿಲ್ಲದೆ ಎಲ್ಲ ಭಾಗಗಳನ್ನೂ ಹೊಸದು ಮಾಡಿದ. ಕೆಂಪೆಲ್ಲ ಹಸಿರಾಯಿತು. 'ನೆನಪಿಸಬೇಡ' ಎಂದು ತಾನೇ ಹಾಕಿದ್ದ ಗುರುತನ್ನೂ ತೆಗೆದ. ಕಂಪ್ಯೂಟರ್ ಮುಚ್ಚಿ, ಕೈ ತೊಳೆದುಕೊಂಡು, ಏನೂ ಆಗದವನಂತೆ ಪೇಪರ್ ಹಿಡಿದು ಕುಳಿತ. ಅತ್ತಿಗೆಗೆ ಹೇಳಬೇಕು ಎಂದುಕೊಂಡ. ಈಗಲೇ ಬೇಡ, ಆಮೇಲೆ ಹೇಳಿದರಾಯಿತು ಎಂದೂ ಅಂದುಕೊಂಡ.

ಆ ವಾರವಿಡೀ ಅತ್ತಿಗೆ ಕಂಪ್ಯೂಟರಿನ ಹತ್ತಿರ ಸುಳಿಯಲಿಲ್ಲ. ಅದಕ್ಕೊಂದು ಹಳೆಯ ಸೀರೆಯ ತುಂಡು ಹೊದಿಸಿದರು. ಒರೆಸುವಾಗಲೂ ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಹಿಂದೆ ತೆಗೆಯುತ್ತಿದ್ದರು.

"ಅಕ್ಕ ಕಡ್ಡಿ, ಉಲ್ಲನ್ನು ಎಲ್ಲಾ ಕಟ್ಟಿ ಟ್ರಂಕಿಗೆ ಹಾಕಿಬಿಟ್ಟಿದ್ದಾರೆ ಕಣ್ರೀ" ಎಂದಳು ಹೆಂಡತಿ, ಊಟಕ್ಕೆ ಬಡಿಸುತ್ತ. "ಪಾಠ ನಿಲ್ಲಿಸ್ತಾರಂತೆ. ಈ ಭಾನುವಾರ ಔಷಧಿ ಅಂಗಡಿಯವರ ಮನೇಲಿ ಎಲ್ಲರನ್ನೂ ಸೇರಿಸಿ ತಪ್ಪಾಯ್ತು ಅಂತ ಹೇಳಿ ಬರ್ತಾರಂತೆ. ನೀವಾದ್ರೂ ಒಂದು ಮಾತು ಹೇಳಿ."

"ನಾಲ್ಕು ದಿನ ಹೋದ್ರೆ ಸರಿಹೋಗ್ತಾರೆ ಬಿಡು" ಎಂದ. ಅರ್ಧ ಊಟಕ್ಕೇ ಎದ್ದು ಕೈ ತೊಳೆದ.

ಭಾನುವಾರ ಅತ್ತಿಗೆಯ ಜೊತೆ ಅವನೂ ಹೊರಟ. ಅವರು ಎಲ್ಲರಿಗೂ ಕೊಡಲೆಂದು ತಾವೇ ಹೆಣೆದ ಟೋಪಿಗಳನ್ನು ಚೀಲದಲ್ಲಿ ತುಂಬಿಕೊಂಡಿದ್ದರು. "ಚೀಲ ನಾನು ಹಿಡ್ಕೋತೀನಿ" ಎಂದು ಈಸಿಕೊಂಡ. ದಾರಿಯುದ್ದಕ್ಕೂ ಮಾತು ಬಾಯಿಗೆ ಬಂದು ಬಂದು ಹಿಂದೆ ಹೋಯಿತು. ಈ ತಿರುವು ದಾಟಲಿ, ಆ ರಸ್ತೆ ದಾಟಲಿ ಎನ್ನುವಷ್ಟರಲ್ಲಿ ಮನೆಯೇ ಬಂದುಬಿಟ್ಟಿತು.

ಮುಂಕೋಣೆಯಲ್ಲಿ ಹೆಂಗಸರು ಕುಳಿತಿದ್ದರು. ಅವನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಳಿತ. ಅತ್ತಿಗೆ ನಿಂತೇ ಮಾತಾಡಿದರು.

"ನನ್ನಿಂದ ನಿಮಗೆಲ್ಲ ತೊಂದರೆ ಆಯ್ತು. ಏನು ಒತ್ತಿದೆ ಅಂತ ನಂಗೇ ನೆನಪಿಗೆ ಬರ್ತಿಲ್ಲ. ಎಷ್ಟು ಯೋಚಿಸಿದ್ರೂ ಹೊಳೀತಿಲ್ಲ. ಆದ್ರೆ ಕೂತಿದ್ದು ನಾನೇ ಅಲ್ವಾ, ಬೆರಳು ನಂದೇ ಅಲ್ವಾ. ಈ ವಯಸ್ಸಲ್ಲಿ ನನಗೆ ಇದೆಲ್ಲ ಬೇಡವಾಗಿತ್ತು."

"ಅಯ್ಯೋ ಬಿಡಿ ಟೀಚರ್, ಯಾರಿಗಾದ್ರೂ ಆಗೋದೇ" ಎಂದಳು ಆಸ್ಪತ್ರೆಯ ನರ್ಸು. "ನಂದು ರಿಪೇರಿ ಆಯ್ತು. ಅದಕ್ಕೆ ಪಾಠ ಯಾಕೆ ನಿಲ್ಲಿಸ್ಬೇಕು?"

ಔಷಧಿ ಅಂಗಡಿಯ ಹೆಂಗಸು ಅಷ್ಟು ಸುಲಭಕ್ಕೆ ಬಿಡಲಿಲ್ಲ. "ನಿಂದು ರಿಪೇರಿ ಆಯ್ತು, ಸರಿ. ನಮ್ಮಮ್ಮ ಹಾಡಿದ್ದು ಅದರಲ್ಲಿತ್ತು ಕಣೇ. ಇದ್ದದ್ದು ಅದೊಂದೇ. ಇನ್ನು ನಮ್ಮಮ್ಮ ಬಂದು ಹಾಡ್ತಾರಾ?" ಎಂದಳು. ಅತ್ತಿಗೆಯ ಕಡೆ ತಿರುಗಿ, "ಗೊತ್ತಿಲ್ಲ ಅಂದ್ರೆ ಮುಟ್ಟಬಾರದಿತ್ತು ಟೀಚರ್. ಮನೆಯವರೇ ಹೇಳ್ತಾರೆ, ನಿಮಗೆ ತಿಳಿಯಲ್ಲ ಅಂತ" ಎಂದಳು.

ಅತ್ತಿಗೆ ಹೌದೆಂಬಂತೆ ತಲೆಯಾಡಿಸಿದರು. ಅವರ ಬಲಗೈಯ ತೋರುಬೆರಳು ಸೆರಗಿನ ಮಡಿಕೆಯೊಳಗೆ ಅಡಗಿಕೊಂಡದ್ದನ್ನು ಅವನು ನೋಡಿದ. ಆ ಬೆರಳೇ ಹಿಡಿದು ಅವನು ಚಿಕ್ಕಂದಿನಲ್ಲಿ ರಸ್ತೆ ದಾಟಿದ್ದ. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಎದ್ದು ನಿಂತಾಗ ಚೀಲ ಜಾರಿ ಟೋಪಿಗಳೆಲ್ಲ ನೆಲದ ಮೇಲೆ ಚೆಲ್ಲಿದವು.

"ಅವರು ಏನೂ ಒತ್ತಿಲ್ಲ" ಎಂದ. ದನಿ ತನ್ನದೆನಿಸಲಿಲ್ಲ. "ಒತ್ತದೇನೇ ಒಳಗೆ ಬಂದಿದ್ದು. ಭಾಗಗಳೆಲ್ಲ ಹಳೇದಾಗಿದ್ವು. ಹೊಸದು ಹಾಕ್ಲಾ ಅಂತ ಕಂಪ್ಯೂಟರ್ ಕೇಳ್ತಾನೇ ಇತ್ತು. ಕೇಳಿದಾಗೆಲ್ಲ ಅತ್ತಿಗೆ ನನ್ನ ಕರೀತಿದ್ರು. ಆಮೇಲೆ ಅನ್ನಿ ಅಂತಿದ್ದೆ. ಕೊನೇಲಿ ಇನ್ನು ಕೇಳಲೇಬೇಡ ಅಂತ ಬಾಯಿ ಮುಚ್ಚಿಸಿದ್ದೂ ನಾನೇ. ಹೋದ ಭಾನುವಾರಾನೇ ನಂಗಿದು ಗೊತ್ತಾಯ್ತು. ಗೊತ್ತಾದ್ಮೇಲೂ ಸುಮ್ನಿದ್ದೆ."

ಔಷಧಿ ಅಂಗಡಿಯ ಹೆಂಗಸು ಅವನನ್ನೇ ದಿಟ್ಟಿಸಿದಳು. "ಹೋದ ವರ್ಷ ನಮ್ಮ ಅಂಗಡಿ ಬಾಗಿಲು ಒಡೆದಾಗ ನಿಮ್ಮ ಹತ್ರ ಬಂದಿದ್ದೆ. ಮುದಿ ಬೀಗ ಹಾಕಿದ್ದು ಯಾರು ಅಂತ ಎಲ್ಲರೆದುರು ಕೇಳಿದ್ರಿ. ನೆನಪಿದೆಯಾ?"

"ಇದೆ" ಎಂದ.

ಅವಳು ಮುಖ ತಿರುಗಿಸಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವನು ಮಂಡಿಯೂರಿ ಕುಳಿತು ಟೋಪಿಗಳನ್ನು ಒಂದೊಂದಾಗಿ ಆರಿಸಿದ. ಅತ್ತಿಗೆ ಸಹಾಯಕ್ಕೆ ಬಗ್ಗಲಿಲ್ಲ. ಅವರು ಔಷಧಿ ಅಂಗಡಿಯ ಹೆಂಗಸಿನ ಪಕ್ಕ ಹೋಗಿ ಕುಳಿತು, "ನಿಮ್ಮಮ್ಮ ಯಾವ ಹಾಡು ಹೇಳ್ತಿದ್ರು?" ಎಂದು ಕೇಳಿದರು. ಆ ಹೆಂಗಸು ಒಂದು ಸಾಲು ಹೇಳಿದಳು. ಎರಡನೆಯ ಸಾಲನ್ನು ಅರ್ಧಕ್ಕೇ ಬಿಟ್ಟು ಕಣ್ಣೊರೆಸಿಕೊಂಡಳು.

ಹಿಂದಿರುಗುವಾಗ ಅತ್ತಿಗೆ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಮನೆಗೆ ಬಂದವರು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ನೇರ ಕಿಟಕಿಯ ಬಳಿಗೆ ಹೋಗಿ ಸೀರೆಯ ತುಂಡನ್ನು ಎಳೆದು ಮಡಚಿಟ್ಟರು. ಕಂಪ್ಯೂಟರ್ ಹಚ್ಚಿದರು. ಸ್ವಲ್ಪ ಹೊತ್ತಿಗೆ ಮೂಲೆಯಲ್ಲಿ ಆ ಪುಟ್ಟ ಚೌಕ ಎದ್ದಿತು. ಈಗ ಅದಕ್ಕೆ ಬಾಯಿ ಬಂದಿತ್ತಲ್ಲ.

ಅವನು ಬಾಗಿಲಲ್ಲೇ ಕಾಯುತ್ತಿದ್ದ, 'ಪುಟ್ಟಾ' ಎಂದು ಕೂಗುವರೇನೋ ಎಂದು. ಅವರು ಕೂಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಬರೆದದ್ದನ್ನು ಕೊನೆಯವರೆಗೆ ಓದಿದರು. ತೋರುಬೆರಳು ಒಂದು ಕ್ಷಣ ನಿಂತಿತು. ಆಮೇಲೆ ತಾವೇ 'ಈಗಲೇ ಮಾಡು' ಎಂಬುದನ್ನು ಒತ್ತಿ, ಕೈ ಕಟ್ಟಿ ಕುಳಿತರು.

ಅವನು ಹತ್ತಿರ ಹೋದ. "ಅತ್ತಿಗೆ, ತಪ್ಪಾಯ್ತು. ಕ್ಷಮಿಸಿಬಿಡಿ."

ತೆರೆಯ ಮೇಲೆ ಹಸಿರು ಗೆರೆ ನಿಧಾನವಾಗಿ ಉದ್ದವಾಗುತ್ತಿತ್ತು. ಅದರಿಂದ ಕಣ್ಣು ಕೀಳದೆಯೇ ಅತ್ತಿಗೆ ಹೇಳಿದರು:

"ಆಮೇಲೆ ನೆನಪಿಸು."

ಅವನು ತಲೆ ತಗ್ಗಿಸಿ ನಿಂತ. ತುಸು ಹೊತ್ತಿನ ಮೇಲೆ ಅಡುಗೆಮನೆಗೆ ಹೋಗಿ ಕಾಫಿ ಮಾಡಿ ತಂದು, ಅವರ ಕೈಗೆಟಕುವಲ್ಲಿ ಇಟ್ಟ. ಮರುದಿನ ಬೆಳಗ್ಗೆ ಅಂಗಡಿಗೆ ಹೊರಡುವ ಮುಂಚೆ, ಅವರ ಎದುರು ನಿಂತು, ಮತ್ತೆ ನೆನಪಿಸಿದ.