ಮೂವತ್ತು ಕಿಲೋ ಒಳಗೆ

ತೀರಿಲ್ ತೂಕದ ಯಂತ್ರದ ಮೇಲೆ ನಿಂತಾಗ ಅವಳ ತಾಯಿ ಗುನ್ವೊರ್ ಉಸಿರು ಬಿಗಿಹಿಡಿದಳು. ಮುಳ್ಳು ಮೂವತ್ತರ ಈಚೆಗೇ ನಿಂತಿತು.

"ಪಾಸು!" ಎಂದಳು ಓಸ್ಹಿಲ್ಡ್. ಲಾಯದ ಯಜಮಾನಿ ಅವಳೇ, ಮಾತು ಬಾರದ ಮಕ್ಕಳನ್ನು ಕುದುರೆ ಹತ್ತಿಸಿ ಚಿಕಿತ್ಸೆ ಕೊಡುವವಳೂ ಅವಳೇ. "ಬೆಳೆಯೋ ಹುಡುಗಿ, ಒಂದು ಚೂರೂ ಏರಿಲ್ವಲ್ಲೇ? ಗಾಳಿ ಕುಡ್ಕೊಂಡು ಬದುಕ್ತಾಳೇನು?"

"ಊಟ ಅಂದ್ರೆ ಮೂಗು ಮುರೀತಾಳೆ, ಏನ್ಮಾಡ್ಲಿ?" ಎಂದಳು ಗುನ್ವೊರ್. ಸುಳ್ಳು ಸಲೀಸಾಗಿ ಹೊರಬಂತು.

ಬ್ರೂರಿ ಮುದಿ ಕುದುರೆ. ಮೂವತ್ತು ಕಿಲೋ ದಾಟಿದವರನ್ನು ಅದರ ಬೆನ್ನಿಗೆ ಹತ್ತಿಸಕೂಡದೆಂದು ಪಶುವೈದ್ಯ ಕಟ್ಟಪ್ಪಣೆ ಮಾಡಿದ್ದ. ಬೇರೆ ಕುದುರೆಯ ಹತ್ತಿರ ಕರೆದೊಯ್ದರೆ ತೀರಿಲ್ ಚೀರಿ ನೆಲಕ್ಕೆ ಬೀಳುತ್ತಿದ್ದಳು. ಒಂಬತ್ತರ ಹುಡುಗಿಯ ಬಾಯಿಂದ ಮಾತು ಹೊರಡುತ್ತಿದ್ದುದೇ ಬ್ರೂರಿಯ ಮೇಲೆ ಕೂತಾಗ, ಅದೂ ಒಂದೊಂದೇ ಪದ. ಇಳಿದರೆ ಮತ್ತೆ ಮೌನ. ಹೆತ್ತವಳ ಲೆಕ್ಕಾಚಾರ ನೋಡಿ: ಬ್ರೆಡ್ಡು, ಕಂದು ಚೀಸು ಎಲ್ಲವನ್ನೂ ಕಪಾಟಿಗೆ ತುಂಬಿ ಬೀಗ ಜಡಿದಿದ್ದಳು. ಮಗಳು ಅದರ ಬಾಗಿಲು ಕೆರೆಯುವಾಗ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಕೊಟ್ಟರೆ ತೂಕ ಏರಿ ಮಗಳ ಮಾತು ಹೋಗುತ್ತದೆ, ಕೊಡದಿದ್ದರೆ ತಾನು ತಾಯಿಯೇ ಅಲ್ಲ. ಯಾವ ಕಡೆ ತಿರುಗಿದರೂ ಗೋಡೆ.

ತೀರಿಲ್ ಹತ್ತಿ ಕೂತಳು. ಓಸ್ಹಿಲ್ಡ್ ಹಗ್ಗ ಹಿಡಿದು ಮುಂದೆ ನಿಂತಳು. ಗುನ್ವೊರ್ ಪಕ್ಕದಲ್ಲಿ ನಿಂತು ಮಗಳ ತೊಡೆಯ ಮೇಲೆ ಕೈಯೊತ್ತಿದಳು. ಮಗು ಬೀಳದಂತೆ, ಇಳಿಯುವ ತನಕ ಆ ಕೈ ತೆಗೆಯುವಂತಿಲ್ಲ. ಮಗುವೇ ಬಾಯಿಬಿಡದೆ ಕುದುರೆ ಹೊರಡುವಂತಿಲ್ಲ, ಯಾರೂ ಹೇಳಿಕೊಡುವಂತೆಯೂ ಇಲ್ಲ. ಹಾಗಾಗಿ ಕಾದರು.

"ನಡಿ," ಎಂದಳು ತೀರಿಲ್. ಕುದುರೆ ಹೊರಟಿತು. ತಿರುವಿನಲ್ಲಿ ಅವಳು ಮುಂದಕ್ಕೆ ಬಾಗಿ, ಕುದುರೆಯ ಜೂಲಿನಲ್ಲಿ ಬೆರಳಾಡಿಸುತ್ತ ಇನ್ನೊಂದು ಪದ ಹುಡುಕಿದಳು.

"ಬ್ರೆಡ್ಡು." ತುಸು ತಡೆದು, ಸ್ಪಷ್ಟವಾಗಿ: "ಅಮ್ಮ ಕೊಡಲ್ಲ."

ಹುಟ್ಟಿದ ಮೇಲೆ ಅವಳು ಎರಡು ಪದ ಜೋಡಿಸಿದ್ದು ಇದೇ ಮೊದಲು. ಗುನ್ವೊರ್ ಇಷ್ಟು ವರ್ಷ ಕಾದದ್ದು ಇದಕ್ಕೇ. ಸಂತೋಷವೂ ನಾಚಿಕೆಯೂ ಒಟ್ಟಿಗೇ ಬಂದವು. ಎಲ್ಲಾದರೂ ಓಡಿಹೋಗೋಣ ಅನ್ನಿಸಿತು.

ಓಸ್ಹಿಲ್ಡ್ ತಿರುಗಿ ನೋಡಿದಳು. ಮುಖದಲ್ಲಿ ನಗು ಇರಲಿಲ್ಲ.

"ಓಸ್ಹಿಲ್ಡ್, ನಾನು..."

"ಈಗೇನೂ ಹೇಳ್ಬೇಡ. ಕೈ ತೆಗೀಬೇಡ, ಮಗು ಮೇಲಿದೆ. ಇಳಿದ ತಕ್ಷಣ ಹೊಟ್ಟೆತುಂಬ ಹಾಕೋಣ. ಮೂವತ್ತು ದಾಟಿದ್ರೆ ದಾಟ್ಲಿ. ಬ್ರೂರಿ ಸವಾರಿ ಇವತ್ತಿಗೆ ಮುಗೀತು ಅಂದ್ಕೋ."

ಗುನ್ವೊರ್ ತಲೆ ತಗ್ಗಿಸಿ, ಕೈಯೊತ್ತಿಕೊಂಡೇ ನಡೆದಳು. ಹೊಸ ಮಾತು ಸಿಕ್ಕ ಖುಷಿಯಲ್ಲಿ ಮಗಳು ಸುತ್ತು ಮುಗಿಯುವ ತನಕ ರಾಗವಾಗಿ ಹೇಳುತ್ತಲೇ ಇದ್ದಳು: "ಅಮ್ಮ ಕೊಡಲ್ಲ. ಅಮ್ಮ ಕೊಡಲ್ಲ."