ನೀಲಿ ನಕ್ಷತ್ರದ ರವಿಕೆ ಕಣ

ಇಂಡಿಕೇಟರು ಟಿಕ್ ಟಿಕ್ ಅನ್ನುತ್ತಲೇ ಇದೆ, ಲೇನ್ ಬದಲಿಸಿ ಎಷ್ಟು ಹೊತ್ತಾಯಿತೋ, ಇನ್ನೂ ಆರಿಸಿಲ್ಲ, ಈ ಹೆಂಗಸು ಯಾವ ಕಡೆ ನುಗ್ಗುತ್ತಾಳೋ ಎಂದು ಹಿಂದಿನ ಕಾರಿನವನು ಕಾದು ಕಾದು ಸುಸ್ತಾಗಿರಬೇಕು, ಪಾಪ, ವಸಂತಲಕ್ಷ್ಮಿ ಅದನ್ನು ಆರಿಸಿದಳು, ಆದರೂ ಟಿಕ್ ಟಿಕ್ ನಿಲ್ಲಲಿಲ್ಲ, ಅದು ಅವಳ ಎದೆಯೊಳಗೇ ಹೊಡೆದುಕೊಳ್ಳುತ್ತಿತ್ತು, ಗುಡ್ ಮಾರ್ನಿಂಗ್ ಎವ್ರಿಒನ್, ಮೈ ಬಿಸಿನೆಸ್ ಈಸ್ — ಕ್ಲಾಸಿನ ಮುಂದೆ ನಿಂತು ಇಷ್ಟು ಹೇಳಿದ ಮೇಲೆ ಏನು, ಆಮೇಲೆ ಸ್ಲೈಡು ಬರುತ್ತದೆ, ಗಂಡ ಯತೀಶ್ ಭಾನುವಾರವೆಲ್ಲ ಸೋಫಾದ ಮೇಲೆ ಕೂತು ಮಾಡಿಕೊಟ್ಟ ಕಿತ್ತಳೆ ಬಣ್ಣದ ಸ್ಲೈಡು, ಮನೆಯೂಟದ ಡಬ್ಬಿಯನ್ನು ಆಫೀಸಿಗೆ ತಲುಪಿಸುವ ಆ್ಯಪು, ನೋಡು ವಸಂತಾ, ಐಡಿಯಾ ಅಂದ್ರೆ ಸ್ಕೇಲ್ ಆಗ್ಬೇಕು, ಗ್ರಾಫ್ ಹೀಗೆ ಮೇಲಕ್ಕೆ ಹೋಗ್ಬೇಕು, ನೀನು ಬರೀ ಓದಿದ್ರೆ ಸಾಕು, ನಾನು ಎಲ್ಲ ಬರ್ದಿದೀನಿ — ಒಳ್ಳೆಯವನು, ಕಾಫಿ ಆರಿಹೋದದ್ದೂ ಗೊತ್ತಾಗದೆ ಮಾಡಿದ, ಗ್ರಾಫು ಮನೆಯಿರುವ ಈ ಸಮಾಮಿಶ್ ದಿಣ್ಣೆಯ ಹಾಗೇ ಏರುತ್ತದೆ, ಆದರೆ ಅವಳು ಈಗ ಆ ದಿಣ್ಣೆಯನ್ನು ಇಳಿದು ಬರುತ್ತಿದ್ದಾಳೆ, ಎರಡೂ ಬದಿಯ ಮರಗಳಿಂದ ಹನಿ ತೊಟ್ಟಿಕ್ಕುತ್ತಿದೆ, ಕೆಳಗೆ ಹೆದ್ದಾರಿ, ಅದರಾಚೆ ಕಾಲೇಜು, ಹೊಟ್ಟೆಯೊಳಗೆ ಯಾರೋ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ, ಭಯವಲ್ಲ, ಭಯವಾದರೆ ಕೈ ತಣ್ಣಗಾಗುತ್ತದೆ, ಈಗ ಕೈ ಬೆಚ್ಚಗಿದೆ, ಹಾಡಬೇಕು ಅನ್ನಿಸುತ್ತಿದೆ, ಹಾಡಿದಳು ಕೂಡ, ಹಿಂದಿನ ಸೀಟಿನಲ್ಲಿ ಅಕ್ಷಯಾ ಇದ್ದಿದ್ದರೆ ಅಮ್ಮಾ, ಪ್ಲೀಸ್ ಸ್ಟಾಪ್ ಅನ್ನುತ್ತಿದ್ದಳು.

ಬೆಳಿಗ್ಗೆ ಶಾಲೆಯ ಮುಂದೆ ಇಳಿಯುವಾಗ ಆ ಹುಡುಗಿ ಹೇಳಿದ್ದೇನು, ಗುಡ್ ಲಕ್ ಅಮ್ಮಾ, ಡೋಂಟ್ ಸೇ 'ಆ್ಯಕ್ಚುಯಲಿ' ಟೂ ಮಚ್, ಆಯ್ತು ಕಣೇ ಹೇಳಲ್ಲ, ಟಿಫಿನ್ ಪೂರ್ತಿ ತಿನ್ನು, ಬಾಗಿಲು ಧಡ್ ಅಂತು — ಆ್ಯಕ್ಚುಯಲಿ ಅನ್ನದೆ ಮಾತು ಶುರುಮಾಡುವುದು ಹೇಗೆ, ಎಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದಾಯಿತು, ಡಿಪೆಂಡೆಂಟ್ ವೀಸಾದ ಹೆಂಡತಿಯರಿಗೂ ಕೆಲಸ ಮಾಡುವ ಅನುಮತಿ ಸಿಗುತ್ತದೆ ಎಂಬ ಸುದ್ದಿ ಬಂದ ವರ್ಷವೇ ಅವಳು ಹೋಗಿ ಕಮ್ಯುನಿಟಿ ಕಾಲೇಜಿನಲ್ಲಿ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ನಿಗೆ ಹೆಸರು ಬರೆಸಿದಳು, ಇಲ್ಲಿನ ಕನ್ನಡದವರಲ್ಲೆಲ್ಲ ಹಳಬರಾದ ಕಮಲಾಕ್ಷಿ ಆಂಟಿ ಗಲ್ಲಕ್ಕೆ ಕೈಯಿಟ್ಟುಕೊಂಡರು, ಏನಮ್ಮಾ ವಸಂತಾ, ಮಗಳ ಹೋಮ್‌ವರ್ಕ್ ಮಾಡಿಸೋ ವಯಸ್ಸಲ್ಲಿ ನಿಂದೇ ಹೋಮ್‌ವರ್ಕಾ, ನಮ್ಮನೆಯವರು ಏರೋಪ್ಲೇನ್ ಕಂಪನಿಗೆ ಅಂತ ಇಲ್ಲಿಗೆ ಬಂದಾಗಿಂದ ನಾನೂ ಇದೀನಿ, ನಂಗೆ ಹೀಗೆಲ್ಲ ತೋಚ್ಲೇ ಇಲ್ಲ ನೋಡು — ಕೊನೆಯ ಮಾತಿನಲ್ಲಿ ತಮಾಷೆ ಇರಲಿಲ್ಲ, ಆಂಟಿ ತಿರುಗಿ ಬೇಳೆಯ ಪಾತ್ರೆಗೆ ಸೌಟು ಹಾಕಿದರು. ಎಂಥ ಮಾತುಗಳು ಆ ಕ್ಲಾಸಿನಲ್ಲಿ, ಇನ್‌ವೆಂಟರಿ ಅಂದರೆ ದಾಸ್ತಾನು, ಪಾಠ ಕೇಳಿ ಬಂದ ದಿನ ಅವಳು ಅಡುಗೆಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ ನೋಡಿದಳು, ಅಯ್ಯೋ, ನಾನು ಮದುವೆಯಾದಾಗಿನಿಂದ ಮಾಡುತ್ತಿರುವುದು ಇದನ್ನೇ, ಇದಕ್ಕೊಂದು ಇಂಗ್ಲಿಷ್ ಹೆಸರಿದೆಯೆಂದು ಯಾರೂ ಹೇಳಲಿಲ್ಲವಲ್ಲ, ದೋಸೆ ತಿರುವಿಹಾಕುತ್ತ ಆಪರ್ಚುನಿಟಿ ಕಾಸ್ಟ್ ಎಂದರೇನೆಂದು ಅಕ್ಷಯಾಗೆ ವಿವರಿಸಿದಳು, ನೋಡು, ನಿಂಗೆ ಈ ದೋಸೆ ಹಾಕ್ತಾ ನಿಂತಿದೀನಲ್ಲ, ಈ ಹೊತ್ತಲ್ಲಿ ನಾನು ಬೇರೆ ಏನೇನು ಮಾಡ್ಬಹುದಿತ್ತೋ ಅದು, ಮಗು ತಟ್ಟೆ ನೋಡಿತು, ಅಮ್ಮನ ಮುಖ ನೋಡಿತು, ಸೋ ಯು ಡೋಂಟ್ ವಾಂಟ್ ಟು ಮೇಕ್ ದೋಸೆ, ಥೂ, ಹಾಗಲ್ಲವೇ ಬಂಗಾರಾ, ತಿನ್ನು.

ನೀವು ಕಂಡದ್ದು, ಬೇರೆಯವರು ಕಂಡೂ ಕಾಣದೆ ದಾಟಿಹೋದದ್ದು, ಅಂಥದ್ದೊಂದು ಬಿಸಿನೆಸ್ ಐಡಿಯಾ ತನ್ನಿ, ಎಂದಿದ್ದರು ಇಂಗ್ರಿಡ್ ಮೇಡಂ, ಪಾಠ ಹೇಳುವವರು, ಕತ್ತರಿಸಿದ ಬೆಳ್ಳಿ ಕೂದಲು, ಗಂಡಸರ ಹಾಗೆ ದೊಡ್ಡ ಹೆಜ್ಜೆ, ಬರೀ ಇಂಗ್ರಿಡ್ ಅನ್ನಿ ಎನ್ನುತ್ತಾರೆ, ಹುಡುಗರೆಲ್ಲ ಅನ್ನುತ್ತಾರೆ, ಇವಳಿಗೆ ಮಾತ್ರ ನಾಲಿಗೆ ಏಳುವುದಿಲ್ಲ, ಮೇಡಂ ಎಂದೇ ಬರುತ್ತದೆ, ಎಲ್ಲರಿಗಿಂತ ಚೆನ್ನಾದ ಐಡಿಯಾ ಯಾರದೋ ಅವರಿಗೆ ಡಿಸೆಂಬರಿನ ಕಾಲೇಜು ಸಂತೆಯಲ್ಲಿ ಒಂದು ಮೇಜು, ತಮ್ಮದೇ ಹೆಸರಿನ ಬೋರ್ಡು, ವಸಂತಲಕ್ಷ್ಮಿಗೆ ಆ ಮೇಜು ಬೇಕು, ಬೇಕು ಅಂದರೆ ಬೇಕು, ಹಟ ಮಾಡುವ ಮಗುವಿಗೆ ಬೇಕಾದ ಹಾಗೆ ಬೇಕು, ಅದರ ಮೇಲೆ ಏನಿಡುವುದು ಎಂದು ಯೋಚಿಸಿದಾಗ ಮಾತ್ರ ಡಬ್ಬಿಯ ಆ್ಯಪು ಕಣ್ಣ ಮುಂದೆ ಬರುವುದೇ ಇಲ್ಲ — ಬರುವುದು ಆ ಹಸಿರು ರವಿಕೆ ಕಣ, ಅದರ ಮೂಲೆಯ ನೀಲಿ ನಕ್ಷತ್ರ. ಬೇಡ, ಈಗ ಅದು ಬೇಡ, ನೆನೆದರೆ ಕಿವಿ ಬಿಸಿಯಾಗುತ್ತದೆ, ಗುಡ್ ಮಾರ್ನಿಂಗ್ ಎವ್ರಿಒನ್ —

ಎಷ್ಟೋ ವರ್ಷದ ಹಿಂದಿನ ಮಾತು, ಅಕ್ಷಯಾ ಇನ್ನೂ ಶಾಲೆಗೆ ಸೇರಿರಲಿಲ್ಲ, ಬಾಲ್ ಪೆನ್ನು ಕೈಗೆ ಸಿಕ್ಕಿದರೆ ಗೋಡೆ, ಮಂಚ, ಅಪ್ಪನ ಷರಟು, ಯಾವುದನ್ನೂ ಬಿಡುತ್ತಿರಲಿಲ್ಲ, ಹಸಿರು ಕಣದ ಮೂಲೆಯಲ್ಲಿ ಒಂದು ನೀಲಿ ನಕ್ಷತ್ರ ಬರೆದಿಟ್ಟಿತ್ತು, ಒಂದು ತುದಿ ಬಾಲದ ಹಾಗೆ ಉದ್ದ, ಉಜ್ಜಿದರೂ ಹೋಗಲಿಲ್ಲ, ಆ ವರ್ಷ ಗೌರಿ ಹಬ್ಬಕ್ಕೆ ಕಣ ಕಡಿಮೆಬಿತ್ತು, ನಕ್ಷತ್ರ ಒಳಗೆ ಹೋಗುವ ಹಾಗೆ ಮಡಚಿ ಕಮಲಾಕ್ಷಿ ಆಂಟಿಯ ತಾಂಬೂಲದಲ್ಲಿ ಇಟ್ಟುಬಿಟ್ಟಳು, ಮುಗಿಯಿತು, ಮರೆತೂಹೋಯಿತು. ಈ ನವರಾತ್ರಿಗೆ ದೂರದ ಮಿಲ್ ಕ್ರೀಕಿನ ಶಾಲಿನಿ ಅರಿಶಿನ ಕುಂಕುಮಕ್ಕೆ ಕರೆದಿದ್ದಳು, ಊರಿಂದ ಹೊಸದಾಗಿ ಬಂದ ಹುಡುಗಿ, ತಗೊಳ್ಳಿ ಅಕ್ಕಾ ಎಂದು ಎಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣ ಕೊಟ್ಟಳು, ಮನೆಗೆ ಬಂದು ಬಿಚ್ಚಿದರೆ ಹಸಿರು, ಮೂಲೆಯಲ್ಲಿ ನೀಲಿ ನಕ್ಷತ್ರ, ಬಾಲ ಸಮೇತ! ಗೋಡೆಗೊರಗಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಎಷ್ಟು ಮನೆ ಸುತ್ತಿದೆಯೋ ಮಾರಾಯ್ತಿ, ಎಷ್ಟು ಹಬ್ಬ ಕಂಡೆಯೋ, ಎಷ್ಟು ಬೀರುಗಳಲ್ಲಿ ಮಲಗೆದ್ದು ಬಂದೆಯೋ, ಒಬ್ಬರೂ ನಿನಗೊಂದು ಸೂಜಿ ತಾಗಿಸಲಿಲ್ಲವೇ, ಅಂಚಿನ ನೂಲು ಹಾಗೇ ಜೋತಾಡುತ್ತಿದೆ. ಯತೀಶನಿಗೆ ತೋರಿಸಬೇಕೆಂದು ಕಣಗಳ ರಾಶಿಯ ಮೇಲೆಯೇ ಇಟ್ಟಳು. ಮರುದಿನವೇ ಇಂಗ್ರಿಡ್ ಮೇಡಂ ಗೊಂಬೆ ನೋಡಲು ಬಂದರು, ಇವಳೇ ಧೈರ್ಯ ಮಾಡಿ ಕರೆದಿದ್ದಳು, ಶೂ ಬಿಚ್ಚಿ, ಪಟ್ಟದ ಗೊಂಬೆಗಳ ಮುಂದೆ ಮಂಡಿಯೂರಿ, ಇವರಿಬ್ಬರು ಯಾರು, ಮದುವೆಯಾಗಿ ಎಷ್ಟು ವರ್ಷವಾಯಿತು ಎಂದೆಲ್ಲ ವಿಚಾರಿಸುತ್ತಿದ್ದರು, ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತು, ಅಮ್ಮಾ ಇಟ್ಸ್ ಓವರ್‌ಫ್ಲೋಯಿಂಗ್ ಎಂದು ಮಗಳು ಕಿರುಚಿದಳು, ಓಡಿ ಒಲೆ ಆರಿಸಿ, ಓಡಿ ಬಂದು, ಕೈಗೆ ಸಿಕ್ಕ ಕಣವನ್ನು ತಟ್ಟೆಗಿಟ್ಟು ತಾಂಬೂಲ ಕೊಟ್ಟಳು. ಅವರು ಬಟ್ಟೆಯನ್ನು ಬೆರಳಲ್ಲಿ ಸವರಿ ಕೇಳಿದರು, ಇದರಿಂದ ಏನು ಮಾಡುತ್ತಾರೆ, ರವಿಕೆ ಹೊಲಿಸುತ್ತಾರೆ, ಹಾಗಾದರೆ ನೀವೆಲ್ಲ ಹೊಲಿಸಿಕೊಳ್ಳುತ್ತೀರಾ, ಇಲ್ಲ, ಆ್ಯಕ್ಚುಯಲಿ, ಇಲ್ಲ, ಮತ್ತೆ, ಮತ್ತೆ — ಇನ್ನೊಬ್ಬರಿಗೆ ಕೊಡುತ್ತೇವೆ, ಅವರು, ಅವರು ಮತ್ತೊಬ್ಬರಿಗೆ, ಇಂಗ್ರಿಡ್ ಮೇಡಂ ಜೋರಾಗಿ ನಕ್ಕು ಕೇಳಿದರು, ಅದು ಸರಿ ವಾಸ್ — ಕ್ಲಾಸಿನಲ್ಲಿ ಅವಳ ಹೆಸರು ಅಷ್ಟೇ — ಆದರೆ ಇದು ಏನಾದರೂ ಒಂದು ಆಗುವುದು ಯಾವಾಗ? ಅವರ ಕಾರು ತಿರುವು ದಾಟಿದ ಮೇಲೆ ಒಳಗೆ ಬಂದು ನೋಡಿದರೆ ರಾಶಿಯ ಮೇಲೆ ಹಸಿರು ಇಲ್ಲ. ಅಯ್ಯೋ ದೇವರೇ! ಮಗು ಗೀಚಿದ್ದನ್ನು, ಊರೆಲ್ಲ ಸುತ್ತಿ ಬಂದದ್ದನ್ನು, ಪಾಠ ಹೇಳುವ ಗುರುವಿಗೆ! ಯತೀಶ್ ಹೊಟ್ಟೆ ಹಿಡಿದುಕೊಂಡು ನಕ್ಕ, ಬಿಡೇ, ಅವರೂ ಯಾರಿಗಾದ್ರೂ ಪಾಸ್ ಮಾಡಿರ್ತಾರೆ.

ಅಂದಿನಿಂದ ಅವರ ಮುಖ ನೋಡಲು ನಾಚಿಕೆ, ಆದರೆ ಆ ಪ್ರಶ್ನೆ ಮಾತ್ರ ಹಲ್ಲಿಗೆ ಸಿಕ್ಕ ಕೊಬ್ಬರಿ ನಾರು, ಏನಾದರೂ ಒಂದು ಆಗುವುದು ಯಾವಾಗ, ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ಯಾವಾಗ, ಯಾವಾಗ, ಆಗಲೇ ಹೊಳೆದದ್ದು, ಈ ಬೀರುಗಳಲ್ಲೆಲ್ಲ ಮಲಗಿರುವ ಕಣಗಳಿಂದ ಚೀಲ ಹೊಲಿದರೆ, ತಾಂಬೂಲವನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ಕೊಡುವ ಬದಲು ಆ ಚೀಲದಲ್ಲೇ ಕೊಟ್ಟರೆ, ಅದರಲ್ಲಿ ಮಕ್ಕಳು ಲಂಚ್ ಒಯ್ಯಬಹುದು, ಆಫೀಸಿನವರು ಚಾರ್ಜರ್ ಇಟ್ಟುಕೊಳ್ಳಬಹುದು, ಕತ್ತಿಗೆ ಸುತ್ತುವ ಸ್ಕಾರ್ಫೂ ಆಗಬಹುದು, ಹೇಳಿದಳು ಯತೀಶನಿಗೆ, ಬ್ಲೌಸ್ ಪೀಸ್ ಬಿಸಿನೆಸ್ಸಾ, ಕ್ಲಾಸಲ್ಲಿ ಬ್ಲೌಸ್ ಪೀಸ್ ಅಂದ್ರೇನು ಅಂತ ಹೇಳೋಷ್ಟರಲ್ಲೇ ನಿನ್ ಟೈಮ್ ಮುಗ್ದಿರತ್ತೆ ಅಂದ, ಆದರೂ ಒಂದು ಮಧ್ಯಾಹ್ನ ವಾಷಿಂಗ್ ಮೆಷಿನ್ನಿನ ಪಕ್ಕ ಇಟ್ಟ ಹೊಲಿಗೆ ಯಂತ್ರದ ಮುಂದೆ ಕೂತು, ಒಂದು ಹಳದಿ ಕಣ ಹರಡಿ, ಕತ್ತರಿ ಹಿಡಿದಳು, ಅಕ್ಷಯಾಳ ನಾಟಕದ ಉಡುಪನ್ನೆಲ್ಲ ಹೊಲಿದ ಕೈ ಅದು, ಕತ್ತರಿ ಬಾಯಿ ತೆರೆಯಿತು, ಮುಚ್ಚಲಿಲ್ಲ, ಕೊಡಬೇಕಾದ ಬಟ್ಟೆ, ಇನ್ನೊಬ್ಬರ ಮಡಿಲಿಗೆ ಹೋಗಬೇಕಾದದ್ದು, ಅದನ್ನು ನನ್ನದೆಂದು ಕತ್ತರಿಸುವುದು ಹೇಗೆ, ಮಡಚಿ ಮತ್ತೆ ರಾಶಿಯಲ್ಲಿಟ್ಟಳು. ಹೊಲಿಯಲಾಗದವಳು ಅದನ್ನೇ ವ್ಯಾಪಾರ ಮಾಡುತ್ತೇನೆಂದು ಯಾವ ಬಾಯಲ್ಲಿ ಹೇಳುವುದು, ಅದಕ್ಕೇ ಡಬ್ಬಿ, ಅದಕ್ಕೇ ಕಿತ್ತಳೆ ಸ್ಲೈಡು, ಓದಿದರೆ ಸಾಕು.

ಪಾರ್ಕಿಂಗ್ ಸಿಕ್ಕಿತು, ಶುಭ ಶಕುನ, ಡಿಕ್ಕಿ ತೆಗೆದು ಲ್ಯಾಪ್‌ಟಾಪಿನ ಬ್ಯಾಗು ಎತ್ತಿಕೊಂಡಳು, ಪಕ್ಕದಲ್ಲೇ ಕಣಗಳ ಚೀಲ, ಮಧ್ಯಾಹ್ನ ಕಮಲಾಕ್ಷಿ ಆಂಟಿಯ ಮನೆಯ ತುಳಸಿ ಪೂಜೆಗೆ ಒಯ್ಯಬೇಕಾದದ್ದು, ವಸಂತಾ, ನನ್ ಹತ್ರ ಖಾಲಿ, ನಿನ್ ಹತ್ರ ಇರೋದು ತಂದುಬಿಡಮ್ಮಾ, ಅದು ಇಲ್ಲೇ ಇರಲಿ, ಡಿಕ್ಕಿ ಮುಚ್ಚಿದಳು, ನಾಲ್ಕು ಹೆಜ್ಜೆ ಹೋದಳು, ತಿರುಗಿ ಬಂದಳು, ಕೈ ತಾನಾಗಿಯೇ ಚೀಲ ಎತ್ತಿಕೊಂಡಿತು, ಯಾಕೆ ಎಂದು ಕೈಯನ್ನು ಕೇಳಬಾರದು. ಕಾರಿಡಾರಿನ ತುಂಬ ಒದ್ದೆ ಜಾಕೆಟ್ಟುಗಳ ವಾಸನೆ, ಕಾಫಿಯ ವಾಸನೆ, ಹತ್ತೊಂಬತ್ತು ವರ್ಷದವರ ನಗು, ಅವರ ನಡುವೆ ಇವಳ ಚಪ್ಪಲಿಯ ಚಟಚಟ, ಕಾಲೇಜು ಸೇರಿದ ಮೊದಲ ವಾರ ಅವಳನ್ನೇ ಟೀಚರೆಂದುಕೊಂಡು ಬಾಗಿಲು ಹಿಡಿದು ನಿಂತಿದ್ದ ಮಾರ್ಕಸ್ ಇವತ್ತೂ ಬಾಗಿಲು ಹಿಡಿದ, ಹೇ ವಾಸ್, ಯು ರೆಡಿ? ರೆಡಿ ಕಣಪ್ಪಾ ಎಂದಳು ಕನ್ನಡದಲ್ಲೇ, ಅವನಿಗೆ ಅರ್ಥವೂ ಆಯಿತು, ಹೆಬ್ಬೆರಳೆತ್ತಿದ. ಇಂಗ್ರಿಡ್ ಮೇಡಂ ಇನ್ನೂ ಬಂದಿಲ್ಲ, ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿದಳು, ಪರದೆಯ ಮೇಲೆ ಕಿತ್ತಳೆ ಬಿತ್ತು, ಗ್ರಾಫು ಏರಿತು, ಚೆನ್ನಾಗಿದೆ, ತುಂಬ ಚೆನ್ನಾಗಿದೆ, ಯಾರದೋ ಮದುವೆಯ ಫೋಟೊ ನೋಡಿದ ಹಾಗಿದೆ, ಚಟಪಟ ನಿಂತುಹೋಯಿತೇ ಎಂದು ಹೊಟ್ಟೆ ಮುಟ್ಟಿಕೊಂಡಳು, ಹಿಂದೆ ಬಾಗಿಲು ತೆರೆಯಿತು, ದೊಡ್ಡ ಹೆಜ್ಜೆ, ಸಾರಿ ಸಾರಿ ಟ್ರಾಫಿಕ್ಕು, ವಾಸ್, ನೀವೇ ಮೊದಲಲ್ಲವೇ, ಶುರು ಮಾಡಿ, ತಿರುಗಿದಳು —

ಹಸಿರು. ಮಳೆಯಲ್ಲಿ ನೆನೆದ ಬೂದು ಕೋಟಿನ ಮೇಲೆ, ಬೆಳ್ಳಿ ಕೂದಲಿನ ಕೆಳಗೆ, ಕೊರಳಿಗೆ ಸುತ್ತಿ ಮುಂದಕ್ಕೆ ಇಳಿಬಿಟ್ಟ ಹಸಿರು, ಅದೇ ಹಸಿರು, ಓ ಇದಾ ಎಂದು ಇಂಗ್ರಿಡ್ ಮೇಡಂ ಚಿಕ್ಕ ಹುಡುಗಿಯ ಹಾಗೆ ಅದರ ತುದಿ ಎತ್ತಿ ತೋರಿಸುತ್ತಿದ್ದಾರೆ, ನನಗೆ ಹೊಲಿಗೆ ಬರುವುದಿಲ್ಲ, ಬಯ್ಯಬೇಡಿ ಅನ್ನುತ್ತಿದ್ದಾರೆ, ಅಂಚು ಮಡಚಿದೆ, ನೂಲು ಜೋತಾಡುತ್ತಿಲ್ಲ, ಬಿಳಿ ದಾರದ ಹೊಲಿಗೆ, ಒಂದು ಉದ್ದ ಒಂದು ಗಿಡ್ಡ, ಅಡ್ಡಾದಿಡ್ಡಿ, ಅಷ್ಟು ಮನೆ ಸುತ್ತಿಯೂ ಯಾರೂ ತಾಗಿಸದ ಸೂಜಿಯನ್ನು ಇವರು ತಾಗಿಸಿದ್ದಾರೆ, ಏನೂ ಆಗಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ, ಕಣ ಸ್ಕಾರ್ಫ್ ಆಯಿತು, ಅಷ್ಟೇ, ಆಯಿತು! ಮತ್ತೆ ಚಟಪಟ, ಹೊಟ್ಟೆಯಲ್ಲಲ್ಲ, ಮೈಯೆಲ್ಲ, ಯತೀಶ್, ಬಯ್ಯಬೇಡ ಕಣೋ ರಾಜಾ, ಲ್ಯಾಪ್‌ಟಾಪಿನ ಮುಚ್ಚಳ ಕೆಳಗಿಳಿಸಿದಳು, ಕಿತ್ತಳೆ ಆರಿಹೋಯಿತು, ಚೀಲ ಬಗ್ಗಿಸಿದಳು, ಹಳದಿ, ಕೆಂಪು, ನೇರಳೆ, ಮೇಜಿನ ಮೇಲೆ ಜಾರಿ ಜಾರಿ ಬಿದ್ದವು, ಮಾರ್ಕಸ್ ವಾವ್ ಅಂದ, ಆಂಟಿ, ಮಧ್ಯಾಹ್ನಕ್ಕೆ ಇವು ಬರುವುದಿಲ್ಲ ಆಂಟಿ, ನಾನೇ ಬಂದು ಹೇಳ್ತೀನಿ, ಎಲ್ಲರೂ ನೋಡುತ್ತಿದ್ದಾರೆ, ಬಾಯಿ ತೆರೆದಳು, ಇಂಗ್ರಿಡ್ — ಮೇಡಂ ಇಲ್ಲದೆ ಬರೀ ಇಂಗ್ರಿಡ್ ಎಂದು ಬಂತು — ಇಂಗ್ರಿಡ್, ಸ್ವಲ್ಪ ಇಲ್ಲಿ ಬಂದು ನಿಂತುಕೊಳ್ಳುತ್ತೀರಾ, ಅವರು ಬಂದು ಪಕ್ಕದಲ್ಲಿ ನಿಂತರು, ಸ್ಕಾರ್ಫಿನ ಮೂಲೆ ಅವಳ ಕಣ್ಣಿನ ನೇರಕ್ಕೆ ಬಂತು, ಈಗ ಹೇಳಬೇಕು, ಗುಡ್ ಮಾರ್ನಿಂಗ್ ಎವ್ರಿಒನ್, ಮೈ ಬಿಸಿನೆಸ್ ಈಸ್ — ಮೂಲೆಯಲ್ಲಿ ನಕ್ಷತ್ರ, ಮಗು ಬರೆದ ಶಾಯಿ ಗೆರೆಯ ಮೇಲೆ, ಅದು ಕಲೆಯಲ್ಲ, ಬೇಕೆಂದೇ ಇಟ್ಟ ಚಿತ್ತಾರ ಎಂದುಕೊಂಡು, ಗೆರೆ ತಪ್ಪದ ಹಾಗೆ, ಬಾಲವನ್ನೂ ಬಿಡದೆ, ನೀಲಿ ದಾರದಲ್ಲಿ, ಒಂದೊಂದೇ ಹೊಲಿಗೆ ಹಾಕಿ ಇಂಗ್ರಿಡ್ ಮೂಡಿಸಿದ ನೀಲಿ ನಕ್ಷತ್ರ, ನೀಲಿ ನಕ್ಷತ್ರ —